ಎ.ಸಿ. ಗ್ಯಾಸ್ ತುಂಬಿಸುವ ಮೊದಲು ಪೈಪ್ ಮುಟ್ಟಿ ನೋಡಿ

ಕಾರಿನ ಎ.ಸಿ. ತಂಪು ಕೊಡುತ್ತಿಲ್ಲ ಎಂದ ಕೂಡಲೇ ಗ್ಯಾಸ್ ಖಾಲಿಯಾಗಿದೆ ಎಂದು ತೀರ್ಮಾನಿಸುವ, ಅದಕ್ಕೂ ಬಗ್ಗದಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಡುವ ಗ್ಯಾರೇಜುಗಳಿಂದ ಎಚ್ಚರವಾಗಿರಿ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ಅಂಥ ಬಿಸಿಲಿನಲ್ಲಿ ನಮ್ಮ ಸಣ್ಣ ಕಾರಿನ ವೆಂಟ್‌ಗಳಿಂದ ಗಾಳಿ ಜೋರಾಗಿಯೇ ಬರುತ್ತಿತ್ತು, ಆದರೆ ಉಗುರುಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಕಾರು ಶುರುಮಾಡಿದ ಮೊದಲ ಕೆಲವು ನಿಮಿಷ ತಂಪಾಗಿದ್ದು, ಎಂಜಿನ್ ಕಾದಂತೆ ಗಾಳಿಯೂ ಕಾಯುತ್ತಿತ್ತು. ಈ ವಿವರವನ್ನು ಗ್ಯಾರೇಜಿನಲ್ಲಿ ಸ್ಪಷ್ಟವಾಗಿ ಹೇಳಿದೆವು. ದೋಷ ಎಲ್ಲಿದೆ ಎಂಬುದರ ಸುಳಿವು ಅದರಲ್ಲೇ ಇತ್ತಾದರೂ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಗ್ಯಾಸ್ ತುಂಬಿಸಿದರು. ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಿರುತ್ತದೆ. ಅದು ಗಣನೀಯವಾಗಿ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇರಬೇಕು, ಸೋರಿಕೆ ಹುಡುಕದೆ ತುಂಬಿಸಿದ್ದು ಮತ್ತೆ ಸೋರಿಯೇ ಹೋಗುತ್ತದೆ. ನಮ್ಮ ಕಾರಿನಲ್ಲಿ ಸೋರಿಕೆ ಪರೀಕ್ಷೆಯನ್ನೂ ಮಾಡಲಿಲ್ಲ, ಇದ್ದ ಗ್ಯಾಸನ್ನು ಹೊರತೆಗೆದು ತೂಗಲೂ ಇಲ್ಲ. ಮೀಟರ್ ನೋಡುತ್ತ ಅಂದಾಜಿನಲ್ಲಿ ಸೇರಿಸಿದರು. ಹೊರಗಿನ ಬಿಸಿ ಏರಿದಂತೆ ಮೀಟರಿನ ಒತ್ತಡವೂ ಏರುವುದರಿಂದ ಈ ಅಂದಾಜನ್ನು ನಂಬುವಂತಿಲ್ಲ. ಎಷ್ಟು ಗ್ರಾಂ ತುಂಬಿಸಬೇಕೆಂಬುದನ್ನು ಬಾನೆಟ್ ಕೆಳಗಿನ ಚೀಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಆರ್‌-134ಎ ಎಂಬ ಗ್ಯಾಸ್ ಬಳಸುವ ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 350ರಿಂದ 500 ಗ್ರಾಂ ಆಸುಪಾಸು. ಹೆಚ್ಚು ತುಂಬಿಸಿದರೆ ತಂಪು ಹೆಚ್ಚುವುದಿಲ್ಲ, ಬದಲಿಗೆ ಒತ್ತಡ ಏರಿ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ಹೊರೆಯಾಗುತ್ತದೆ. ನಮ್ಮ ಕಾರಿನಲ್ಲಿ ಆದದ್ದೂ ಅದೇ: ಟ್ರಾಫಿಕ್ಕಿನಲ್ಲಿ ನಿಂತಾಗ ಕಂಪ್ರೆಸರ್ ತಾನಾಗಿಯೇ ಬಂದಾಗತೊಡಗಿತು.

ಅದನ್ನೇ ಆಧಾರವಾಗಿಟ್ಟುಕೊಂಡು, ಡ್ಯಾಶ್‌ಬೋರ್ಡಿನೊಳಗೆ ಗಾಳಿಯನ್ನು ತಂಪಾಗಿಸುವ ಕೂಲಿಂಗ್ ಕಾಯಿಲ್ ಸೋರುತ್ತಿದೆ, ಡ್ಯಾಶ್‌ಬೋರ್ಡ್ ಇಳಿಸಲೇಬೇಕು ಎಂದರು. ಕಾಯಿಲ್, ಕೂಲಿ, ಮತ್ತೊಮ್ಮೆ ಗ್ಯಾಸ್ ಎಲ್ಲ ಸೇರಿ ಬಿಲ್ಲು 14 ಸಾವಿರ ದಾಟಿತು. ಕಾರು ಮನೆಗೆ ಬಂದಾಗ ಗಾಳಿ ಮೊದಲಿನಷ್ಟೇ ಬೆಚ್ಚಗಿತ್ತು. ಜೊತೆಗೆ ಡ್ಯಾಶ್‌ಬೋರ್ಡಿನ ಕ್ಲಿಪ್ಪುಗಳು ಮುರಿದು, ಹಳ್ಳದ ರಸ್ತೆಯಲ್ಲಿ ಕಟಕಟ ಸದ್ದು ಶುರುವಾಗಿತ್ತು.

ಕೊನೆಗೆ ಬೇರೊಬ್ಬ ಹಿರಿಯ ಎ.ಸಿ. ಮೆಕ್ಯಾನಿಕ್ ನೋಡಿದರು. ಎಂಜಿನ್ ಮತ್ತು ಎ.ಸಿ. ಚಾಲೂ ಇರುವಾಗಲೇ ಬಾನೆಟ್ ಎತ್ತಿ, ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ದಪ್ಪ ಅಲ್ಯುಮಿನಿಯಂ ಪೈಪನ್ನು ಮುಟ್ಟಿದರು. ಅದು ಚೆನ್ನಾಗಿ ತಣ್ಣಗಿತ್ತು. ಅಂದರೆ ತಂಪು ಹುಟ್ಟುತ್ತಿದೆ, ಆದರೆ ಒಳಗೆ ಕೂತವರಿಗೆ ತಲುಪುತ್ತಿಲ್ಲ. ಹೀಗಿರುವಾಗ ಗ್ಯಾಸನ್ನು ದೂರುವುದರಲ್ಲಿ ಅರ್ಥವಿಲ್ಲ. (ಮಂಗಳೂರಿನಂಥ ಕಡೆ ಆ ಪೈಪಿನಿಂದ ನೀರು ತೊಟ್ಟಿಕ್ಕುತ್ತದೆ, ನಮ್ಮ ಒಣ ಹವೆಯಲ್ಲಿ ಅದು ಬೆವರದೆಯೂ ಇರಬಹುದು, ಆದ್ದರಿಂದ ಕಣ್ಣಿಗಿಂತ ಕೈಯನ್ನು ನಂಬುವುದು ಮೇಲು. ಬೆಲ್ಟಿನಿಂದಲೂ ಫ್ಯಾನಿನಿಂದಲೂ ಕೈ ಮತ್ತು ಬಟ್ಟೆ ದೂರವಿರಲಿ, ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು. ಕಂಪ್ರೆಸರಿನಿಂದ ಹೊರಡುವ ಪೈಪ್ ಮಾತ್ರ ಕೈ ಸುಡುವಷ್ಟು ಬಿಸಿಯಿರುತ್ತದೆ.)

ಡ್ಯಾಶ್‌ಬೋರ್ಡಿನ ಒಳಗಿನ ಪೆಟ್ಟಿಗೆಯಲ್ಲಿ ಕೂಲಿಂಗ್ ಕಾಯಿಲಿನ ಜೊತೆಗೆ ಹೀಟರ್ ಕಾಯಿಲೂ ಇರುತ್ತದೆ, ಹಲವು ಕಾರುಗಳಲ್ಲಿ ಅದರೊಳಗೆ ಎಂಜಿನ್ನಿನ ಬಿಸಿನೀರು ಸದಾ ಹರಿಯುತ್ತಿರುತ್ತದೆ. ತಂಪಾದ ಗಾಳಿ ಎಷ್ಟು ಭಾಗ ಹೀಟರಿನ ಮೂಲಕ ಹಾದು ಬರಬೇಕೆಂಬುದನ್ನು ನಿರ್ಧರಿಸುವುದು ಒಂದು ಪ್ಲಾಸ್ಟಿಕ್ ಫ್ಲ್ಯಾಪ್. ನಾಬ್ ತಿರುಗಿಸುವ ಸಾದಾ ಎ.ಸಿ.ಯಲ್ಲಿ ಅದನ್ನು ಕೇಬಲ್ ಎಳೆಯುತ್ತದೆ, ಡಿಗ್ರಿ ತೋರಿಸುವ ಆಟೋಮ್ಯಾಟಿಕ್ ಎ.ಸಿ.ಯಲ್ಲಿ ಸಣ್ಣ ಮೋಟಾರು ಆಡಿಸುತ್ತದೆ. ನಮ್ಮ ಕಾರಿನಲ್ಲಿ ಕೇಬಲ್ ಸರಿಯಿತ್ತು, ಆದರೆ ಫ್ಲ್ಯಾಪನ್ನು ತಿರುಗಿಸುವ ಸನ್ನೆಕೋಲು ಬುಡದಲ್ಲಿ ಸೀಳಿದ್ದರಿಂದ ನಾಬ್ ತುದಿಯವರೆಗೆ ತಿರುಗಿದರೂ ಫ್ಲ್ಯಾಪ್ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಹಿರಿಯ ಮೆಕ್ಯಾನಿಕ್ ಚಾಲಕನ ಕಾಲಿನ ಜಾಗದಿಂದ ಕೈ ತೂರಿಸಿ ಅದನ್ನು ದೂಡಿದೊಡನೆ ವೆಂಟಿನಿಂದ ಚಳಿಗಾಳಿ ಬಂತು. ಇಡೀ ಪೆಟ್ಟಿಗೆಯನ್ನು ಹೊರಗೆ ತೆಗೆದು ಎದುರಿಗಿಟ್ಟುಕೊಂಡಿದ್ದ ಹಿಂದಿನ ಗ್ಯಾರೇಜಿನವರಿಗೆ ಇದು ಕಾಣದೆ ಹೋದದ್ದು ಹೇಗೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ನಾಬ್ ಎಂದಿಗಿಂತ ಸಡಿಲವಾಗಿ ತಿರುಗಿದರೆ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಟಿಕ್ ಟಿಕ್ ಸದ್ದು ಬಂದರೆ, ಎರಡು ಬದಿಗೆ ಬೇರೆ ಬೇರೆ ಫ್ಲ್ಯಾಪ್ ಮೋಟಾರಿರುವ ಕಾರಿನಲ್ಲಿ ಒಂದು ಬದಿ ತಂಪು, ಇನ್ನೊಂದು ಬದಿ ಬಿಸಿ ಇದ್ದರೆ, ಮೊದಲು ಫ್ಲ್ಯಾಪನ್ನೇ ನೋಡಿಸಿ. ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ನೋಡಿ, ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದಿರುತ್ತದೆ. ಗಾಳಿ ದೂಡುವ ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡಿದರೆ ಬಹುಮಟ್ಟಿಗೆ ಅದರ ವೇಗ ನಿಯಂತ್ರಿಸುವ ರೆಸಿಸ್ಟರ್ ಹೋಗಿರುತ್ತದೆ.

ಕಾಯಿಲ್ ಬದಲಿಸಲೇಬೇಕೆಂದರೆ, ಸೋರಿಕೆ ಎಲ್ಲಿದೆ, ಯಾವ ಪರೀಕ್ಷೆಯಿಂದ ತಿಳಿಯಿತು, ಎಷ್ಟು ಗ್ರಾಂ ಗ್ಯಾಸ್ ಹಾಕಲಾಗುವುದು ಎಂಬುದನ್ನು ಕಾಗದದಲ್ಲಿ ಬರೆಸಿಕೊಂಡು, ಹಳೆಯ ಭಾಗವನ್ನು ಕೇಳಿ ಪಡೆಯಿರಿ. ನಾವು ಪಡೆದಿದ್ದ ಹಳೆಯ ಕಾಯಿಲಿಗೆ ಈ ಹಿರಿಯರು ನೈಟ್ರೋಜನ್ ತುಂಬಿ ನೀರಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಗ್ಯಾರೇಜಿನವರು ಗ್ಯಾಸಿನ ಹಣವನ್ನಷ್ಟೇ ಮರಳಿಸಿ, ಉಳಿದದ್ದು ಸಾಧ್ಯವಿಲ್ಲ ಎಂದಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ಬಿಲ್ಲನ್ನೂ ಆ ಕಾಯಿಲನ್ನೂ ಅದಕ್ಕಾಗಿ ಜೋಪಾನವಾಗಿ ಇಟ್ಟಿದ್ದೇವೆ.