ರಚನೆಯ ಸಂಪಾದನೆಯೋ, ಭಾಷಾ ಸಂಪಾದನೆಯೋ?

ಹಸ್ತಪ್ರತಿಯನ್ನು ಸಂಪಾದಕರಿಗೆ ಒಪ್ಪಿಸುವ ಮೊದಲು, ತಮಗೆ ಬೇಕಿರುವುದು ಯಾವ ಬಗೆಯ ಸಂಪಾದನೆ ಎಂಬುದನ್ನು ಲೇಖಕರು ತೀರ್ಮಾನಿಸಬೇಕು. ಭಾಷಾ ಸಂಪಾದಕರು ವಾಕ್ಯ ವಾಕ್ಯವಾಗಿ ಓದಿ ವ್ಯಾಕರಣ, ಕಾಗುಣಿತ, ಪುನರುಕ್ತಿಗಳನ್ನು ತಿದ್ದುತ್ತಾರೆ. ಹೆಸರು, ಇಸವಿಗಳು ಎಲ್ಲೆಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುತ್ತಾರೆ. ತಿದ್ದುಪಡಿಗಳು ಪುಟದ ಮೇಲೆಯೇ ಕಾಣುವುದರಿಂದ ಅವನ್ನು ಒಂದೊಂದಾಗಿ ಒಪ್ಪಬಹುದು, ಇಲ್ಲವೇ ಬಿಡಬಹುದು.

ರಚನೆಯ ಸಂಪಾದಕರ ಕೆಲಸ ಇದಕ್ಕಿಂತ ಆಳವಾದದ್ದು. ಅವರು ಸಾಮಾನ್ಯವಾಗಿ ವಾಕ್ಯಗಳನ್ನು ಮುಟ್ಟುವುದಿಲ್ಲ. ಇಡೀ ಕೃತಿಯನ್ನು ಓದಿ, ಮೂರನೆಯ ಅಧ್ಯಾಯದ ವಾದಕ್ಕೆ ಬೇಕಾದ ಆಧಾರ ಏಳನೆಯದರಲ್ಲಿ ಅಡಗಿದೆ, ಮುಖ್ಯ ಪಾತ್ರ ಮನೆ ಬಿಟ್ಟು ಹೋಗಲು ಕಾರಣವೇ ಕಾಣುತ್ತಿಲ್ಲ, ಮೊದಲ ಹತ್ತು ಪುಟಗಳಿಲ್ಲದೆಯೂ ಕಥೆ ನಿಲ್ಲುತ್ತದೆ ಎಂಬಂಥ ಟಿಪ್ಪಣಿಗಳನ್ನು ಬರೆದುಕೊಡುತ್ತಾರೆ. ಮರುಬರವಣಿಗೆಯ ಹೊಣೆ ಲೇಖಕರದೇ. ಈ ಶ್ರಮವೇ ಬರೆಯುವವರನ್ನು ಹೆಚ್ಚು ಬೆಳೆಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ, ಏಕೆಂದರೆ ಮುಂದಿನ ಕೃತಿಯನ್ನು ಯೋಜಿಸುವಾಗ ಅದೇ ಪ್ರಶ್ನೆಗಳು ಮನಸ್ಸಿನಲ್ಲಿ ತಾವಾಗಿಯೇ ಏಳುತ್ತವೆ.

ಮೊದಲ ಕರಡು ಈಗಷ್ಟೇ ಮುಗಿದಿದ್ದರೆ, ಅಥವಾ ಓದಿದವರು ನಡುವೆ ಎಲ್ಲೋ ಬೇಸರವಾಯಿತು ಎಂದಷ್ಟೇ ಹೇಳಿದ್ದರೆ, ರಚನೆಯ ಸಂಪಾದನೆಯನ್ನೇ ಆರಿಸಿಕೊಳ್ಳಿ. ಚೌಕಟ್ಟು ಗಟ್ಟಿಯಾಗಿದ್ದರೆ ಭಾಷಾ ಸಂಪಾದನೆ ಸಾಕು. ಎರಡೂ ಬೇಕಿದ್ದರೆ ರಚನೆಯದೇ ಮೊದಲಾಗಲಿ. ಮುಂದೆ ತೆಗೆದುಹಾಕಬೇಕಾಗಬಹುದಾದ ಅಧ್ಯಾಯದ ವಾಕ್ಯಗಳನ್ನು ಮೊದಲೇ ನಯಗೊಳಿಸಿದರೆ ಹಣವೂ ಸಮಯವೂ ವ್ಯರ್ಥವಾಗುತ್ತವೆ.