ಟಿಳಕವಾಡಿಯಲ್ಲಿ ಸೋಲ್ ಸಂಗೀತ: ಒಂದು ವಿಮರ್ಶೆ

ಅಮೆರಿಕದ ಕಪ್ಪು ವರ್ಣೀಯರ ನಾಗರಿಕ ಹಕ್ಕುಗಳ ಹೋರಾಟಕ್ಕೆ ದನಿಯಾದ, ಚರ್ಚಿನ ಗಾಯನದಿಂದ ಬೆಳೆದ ಸೋಲ್ ಸಂಗೀತದ ಕಛೇರಿಯೊಂದು ಈಚೆಗೆ ಬೆಳಗಾವಿಯ ಟಿಳಕವಾಡಿಯಲ್ಲಿ ನಡೆಯಿತು. 1963ರಲ್ಲಿ ಲೂಯಿಸಿಯಾನದ ಬಿಳಿಯರ ಹೋಟೆಲೊಂದು ಗಾಯಕ ಸ್ಯಾಮ್ ಕುಕ್‌ಗೆ ಕೊಠಡಿ ನಿರಾಕರಿಸಿತ್ತು. ಆ ಅವಮಾನವೂ ಬೆರೆತು ಹುಟ್ಟಿ, 1964ರಲ್ಲಿ ಹೊರಬಂದ 'ಎ ಚೇಂಜ್ ಈಸ್ ಗಾನಾ ಕಮ್' (ಬದಲಾವಣೆ ಬಂದೇ ಬರುತ್ತದೆ) ಗೀತೆಯನ್ನು ಗೋವಾದಿಂದ ಬಂದಿದ್ದ ಗಾಯಕಿ ಆತುರವಿಲ್ಲದೆ, ಪ್ರತಿ ಸ್ವರವನ್ನೂ ನಮ್ಮ ಗವಾಯಿಗಳು ವಿಲಂಬಿತದಲ್ಲಿ ಬೆಳೆಸುವಂತೆ ಬೆಳೆಸುತ್ತ ಹಾಡಿದ ರೀತಿ ಇಡೀ ಕಾರ್ಯಕ್ರಮದ ಶಿಖರವಾಗಿತ್ತು. ಹಿಂದೂಸ್ತಾನಿಯಲ್ಲಿ ಪಳಗಿದ ಈ ಊರಿನ ಕಿವಿಗಳಿಗೆ ಅದು ಪರಕೀಯವೆನಿಸಲಿಲ್ಲ. ಓಟಿಸ್ ರೆಡ್ಡಿಂಗ್ 1965ರಲ್ಲಿ ಬರೆದು ಹಾಡಿದ್ದ, ಎರಡು ವರ್ಷಗಳ ಬಳಿಕ ಅರೆಥಾ ಫ್ರಾಂಕ್ಲಿನ್ ಸ್ವಾಭಿಮಾನದ ಘೋಷಣೆಯಾಗಿಸಿದ 'ರೆಸ್ಪೆಕ್ಟ್' ಮಾತ್ರ ಡ್ರಮ್ಸ್ ಅಬ್ಬರದಲ್ಲಿ ಮುಳುಗಿತು. ಧ್ವನಿ ವ್ಯವಸ್ಥೆ ಸಾಧಾರಣವಾಗಿತ್ತು.

ನಿರೂಪಣೆ ನನಗೆ ನಿರಾಸೆ ತಂದಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಇಲ್ಲಿಯೇ ನಡೆದಿತ್ತು. ಅವರ ಅಹಿಂಸಾ ಮಾರ್ಗವನ್ನು ನೆಚ್ಚಿದ್ದ, ಅಮೆರಿಕದ ಆ ಹಕ್ಕುಗಳ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ಆ ಅಧಿವೇಶನದ ಸ್ಮಾರಕವಾದ ವೀರಸೌಧದ ನೆರೆಯಲ್ಲೇ ಹಾಡಿಸಿಯೂ ಈ ನಂಟನ್ನು ಯಾರೂ ಪ್ರಸ್ತಾಪಿಸಲಿಲ್ಲ. ಗೀತೆಗಳ ಹಿನ್ನೆಲೆಯನ್ನು ಕನ್ನಡ, ಮರಾಠಿಗಳಲ್ಲಿ ಮುದ್ರಿಸಿ ಹಂಚಿದ್ದು ಮಾತ್ರ ಶ್ಲಾಘನೀಯ. ಟಿಕೆಟ್ಟಿನ ನಾನೂರು ರೂಪಾಯಿ ದುಬಾರಿಯೆನಿಸಲಿಲ್ಲ. ಮುಂದಿನ ಸಲ ಹೋಗುವವರು ಸ್ಪೀಕರುಗಳಿಂದ ದೂರವಿರುವ ನಡುಸಾಲನ್ನು ಆಯ್ದುಕೊಳ್ಳುವುದು ಲೇಸು.