ನಾಲ್ಕು ಥರದ ಬಿಸಿನೆಸ್ ಕ್ಲಾಸ್ ಸೀಟು, ಒಂದು ಬ್ಯಾಡಗಿ ಬೆನ್ನು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನು ಬಿಸಿನೆಸ್ ಕ್ಲಾಸಿನಲ್ಲಿ ಓಡಾಡುತ್ತಾನೆ ಅಂದರೆ ಊರವರು ಮೊದಲು ನಗುತ್ತಾರೆ, ಆಮೇಲೆ ಈ ಸಲ ಕಾಯಿ ಏನು ರೇಟಿಗೆ ಹೋಯಿತು ಅಂತ ಕೇಳುತ್ತಾರೆ. ರೇಟಿಗೂ ಇದಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ನನ್ನ ಬೆನ್ನಿಗೆ. ಹುಬ್ಬಳ್ಳಿಯ ಎಲುಬಿನ ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, "ಎಲ್‌4-ಎಲ್‌5 ನಡುವ ಡಿಸ್ಕ್ ಜಾರೇತ್ರಿ. ಹತ್ತು ತಾಸು ಕುಂತ ಹೋಗೂದು ಇನ್ನ ಬಿಡ್ರಿ" ಅಂದರು. ಕುಂತು ಹೋಗುವುದನ್ನು ಬಿಟ್ಟೆ, ಹೋಗುವುದನ್ನು ಬಿಡಲಿಕ್ಕೆ ಆಗಲಿಲ್ಲ. ನಮ್ಮ ಕಾಯಿಯಿಂದ ತೆಗೆದ ಬಣ್ಣದ ಎಣ್ಣೆ, ಅಂದರೆ ಓಲಿಯೋರೆಸಿನ್, ಕೊಳ್ಳುವವರು ಯುರೋಪು ಅಮೆರಿಕದಲ್ಲಿ ಕೂತಿದ್ದಾರೆ. ವರ್ಷಕ್ಕೆ ಎರಡು ಸಲವಾದರೂ ಮುಖ ತೋರಿಸಬೇಕು. ಹಾಗಾಗಿ ಮಲಗಿಕೊಂಡು ಹೋಗುವುದನ್ನು ಕಲಿತೆ.

ಕಲಿತೆ ಅಂತ ಬೇಕೆಂದೇ ಬರೆದೆ. ದುಡ್ಡು ಕಟ್ಟಿದ ಕೂಡಲೇ ನಿದ್ದೆ ಬರುತ್ತದೆ ಅಂತ ನಾನೂ ತಿಳಿದಿದ್ದೆ. ನಮ್ಮ ಪೇಟೆಯಲ್ಲಿ ಚೀಲದ ಮೇಲೆ ‘ಬ್ಯಾಡಗಿ’ ಅಂತ ಬರೆದಿದ್ದರೆ ಯಾರೂ ಅಷ್ಟಕ್ಕೇ ಬಿಡುವುದಿಲ್ಲ. ಕೈ ಹಾಕಿ ನೋಡುತ್ತಾರೆ, ಉದ್ದನೆಯ ಕಡ್ಡಿಯೋ ದುಂಡನೆಯ ಡಬ್ಬಿಯೋ, ಒಣಗಿದೆಯೋ ಇನ್ನೂ ಹಸಿಯೋ ಅಂತ. ಬಿಸಿನೆಸ್ ಕ್ಲಾಸ್ ಅನ್ನುವುದೂ ಚೀಲದ ಮೇಲಿನ ಹೆಸರೇ. ಒಳಗಿನ ಮಾಲು ವಿಮಾನದಿಂದ ವಿಮಾನಕ್ಕೆ ಬೇರೆ, ಒಂದೇ ವಿಮಾನದಲ್ಲಿ ಸಾಲಿನಿಂದ ಸಾಲಿಗೂ ಬೇರೆ.

ಬೆಂಗಳೂರಿನವರೆಗಿನ ಮಾತನ್ನು ಬೇಗ ಮುಗಿಸುತ್ತೇನೆ. ದೂರದ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ ಬಿಡುತ್ತವೆ. ಹುಬ್ಬಳ್ಳಿಯಿಂದ ಎಟಿಆರ್ ಅನ್ನುವ ಸಣ್ಣ ವಿಮಾನದಲ್ಲಿ ಹೋದರೆ ಅದರಲ್ಲಿ ಎಲ್ಲರಿಗೂ ಒಂದೇ ಥರದ ಸೀಟು, ಈ ಕಡೆ ಎರಡು ಆ ಕಡೆ ಎರಡು. ನನಗೆ ಮೋಟೆಬೆನ್ನೂರಿನಲ್ಲಿ ಹೈವೇ ಹತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಾಗಿ, ತುಮಕೂರು ಬರುವವರೆಗೆ ಕಣ್ಣು ಬಿಡದೆ ಹೋಗುವುದೇ ಸರಿ.

ನನ್ನ ಪರೀಕ್ಷೆಗಳು ಮೂರೇ. ಒಂದು, ಮಗ್ಗಲು ತಿರುಗಿದಾಗ ಮೊಣಕಾಲು ಎಲ್ಲಿಗಾದರೂ ಬಡಿಯುತ್ತದೆಯೋ. ಎರಡು, ಪಾದ ಇಡುವ ಗೂಡಿನಲ್ಲಿ ಪಾದ ನೆಟ್ಟಗೆ ನಿಲ್ಲುತ್ತದೆಯೋ. ಮೂರು, ರಾತ್ರಿ ಎರಡು ಸಲ ಏಳಬೇಕಾದವನು ಯಾರನ್ನೂ ದಾಟದೆ ಏಳಬಹುದೋ. ಟಿವಿ ಎಷ್ಟು ದೊಡ್ಡದು, ಚೀಲದಲ್ಲಿ ಯಾವ ಬ್ರಾಂಡಿನ ಕ್ರೀಮು ಕೊಟ್ಟರು, ಇದನ್ನೆಲ್ಲ ಬೇರೆಯವರು ಬರೆಯಲಿ.

ಮೊದಲು ಸಿಕ್ಕಿದ್ದು 2-2-2. ಕಂಪನಿಯ ಹೆಸರು ಬೇಡ. ಎರಡೆರಡು ಸೀಟು ಜೋಡಿ, ನಡುವೆ ಎರಡು ಓಡಾಟದ ದಾರಿ. ಪೂರ್ತಿ ಚಪ್ಪಟೆಯಾಗುತ್ತದೆ, ಆ ಬಗ್ಗೆ ಮಾತಿಲ್ಲ. ಆದರೆ ಜೋಡಿಯ ತಲೆಗಳು ದೂರ, ಪಾದಗಳು ಹತ್ತಿರ, ‘ವಿ’ ಆಕಾರದಲ್ಲಿ. ಪಕ್ಕದ ಅಪರಿಚಿತನ ಪಾದಕ್ಕೂ ನನ್ನ ಪಾದಕ್ಕೂ ನಡುವೆ ಒಂದು ತೆಳ್ಳನೆಯ ತಡೆ ಮಾತ್ರ. ನಾನು ಆಸೆಪಟ್ಟು ಕಿಟಕಿ ಹಿಡಿದಿದ್ದೆ. ರಾತ್ರಿ ಎದ್ದಾಗ ನೋಡಿದರೆ ಆತ, ನನಗಿಂತ ಒಂದೂವರೆ ಪಟ್ಟು ಮನುಷ್ಯ, ದಾರಿ ಮುಚ್ಚಿ ಮಲಗಿದ್ದಾನೆ. ತಲೆಯ ಮೇಲಿನ ಸಾಮಾನಿನ ಡಬ್ಬಿಯ ಅಂಚು ಹಿಡಿದು ಒಂದು ಕಾಲು ದಾಟಿಸಿದೆ. ಎರಡನೆಯ ಕಾಲಿನ ಹೆಬ್ಬೆರಳು ಅವನ ಹೊದಿಕೆಗೆ ಸಿಕ್ಕಿತು. ಎಳೆದರೆ ಹೊದಿಕೆ ಬರುತ್ತದೆ, ಬಿಟ್ಟರೆ ನಾನು ಬೀಳುತ್ತೇನೆ. ಡಿಸ್ಕ್ ಜಾರಿದವನು ಅಟ್ಲಾಂಟಿಕ್ಕಿನ ಮೇಲೆ ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತಿದ್ದೆ. ಅವನು ಎಚ್ಚರಾಗಿ ‘ಸಾರಿ’ ಅಂದ, ನಾನೂ ‘ಸಾರಿ’ ಅಂದೆ. ಬೆಳಗಿನ ತಿಂಡಿಯವರೆಗೆ ಇಬ್ಬರೂ ಮುಖ ಮುಖ ನೋಡಿಕೊಳ್ಳಲಿಲ್ಲ.

ಈ ಥರದ್ದೇ ಸಿಕ್ಕಿದರೆ ಒಬ್ಬರೇ ಇರುವವರು ಕಿಟಕಿಯ ಆಸೆ ಬಿಡಿ. ನಡುವಿನ ಜೋಡಿಯಲ್ಲಿ ಕೂತರೆ ಇಬ್ಬರಿಗೂ ತಂತಮ್ಮ ಕಡೆ ದಾರಿ ಇರುತ್ತದೆ, ನೀವೂ ದಾಟಬೇಕಿಲ್ಲ, ನಿಮ್ಮನ್ನೂ ಯಾರೂ ದಾಟುವುದಿಲ್ಲ. ಗಂಡ-ಹೆಂಡತಿ ಆದರೆ ಕಿಟಕಿಯ ಜೋಡಿ ಚೆನ್ನ. ಇನ್ನೂ ಕೆಲವು ವಿಮಾನಗಳಲ್ಲಿ 2-3-2 ಇರುತ್ತದೆ. ಆ ಮೂರರ ನಡುವಿನ ಸೀಟಿಗೆ ಬಿಸಿನೆಸ್ ಕ್ಲಾಸಿನ ರೊಕ್ಕ ಕೊಡುವವನಿಗೆ ನಾನು ಬುದ್ಧಿ ಹೇಳಲಾರೆ.

ಎರಡನೆಯದು ಹಿಂದೆ-ಮುಂದೆ ಸರಿಸಿ ಜೋಡಿಸಿದ 1-2-1. ಇದಕ್ಕೆ ಸ್ಟ್ಯಾಗರ್ಡ್ ಅನ್ನುತ್ತಾರೆ. ಎಮಿರೇಟ್ಸ್‌ನ ಎರಡಂತಸ್ತಿನ ಎ380 ಬೆಂಗಳೂರಿಗೆ ಮೊದಲು ಬಂದಿಳಿದದ್ದು 2022ರ ಅಕ್ಟೋಬರಿನಲ್ಲಿ. ಅದರ ಬಿಸಿನೆಸ್ ಕ್ಲಾಸ್ ಇರುವುದು ಮೇಲಂತಸ್ತಿನಲ್ಲಿ, ಜೋಡಣೆ ಇದೇ. ಅಷ್ಟು ದೊಡ್ಡ ವಿಮಾನ ಅಷ್ಟು ಮೆತ್ತಗೆ ಹಾರುವುದು ನನಗೆ ಇವತ್ತಿಗೂ ಸೋಜಿಗ. ಎಂಜಿನ್ನಿನ ಸದ್ದು ಎಲ್ಲೋ ಪಕ್ಕದ ಊರಿನ ಹಿಟ್ಟಿನ ಗಿರಣಿಯಷ್ಟೇ ಕೇಳಿಸುತ್ತದೆ. ಎಲ್ಲರಿಗೂ ದಾರಿ ಉಂಟು, ಯಾರನ್ನೂ ದಾಟುವ ಕೆಲಸವಿಲ್ಲ.

ಇಲ್ಲಿ ಅಕ್ಷರ ನೋಡಿ ಆರಿಸಬೇಕು. ಎ ಮತ್ತು ಕೆ ಸೀಟು ಕಿಟಕಿಗೆ ಅಂಟಿಕೊಂಡಿರುತ್ತವೆ, ನಿಮಗೂ ದಾರಿಗೂ ನಡುವೆ ಒಂದು ಮೇಜು ಬೇಲಿಯಂತೆ ನಿಲ್ಲುತ್ತದೆ. ಬಿ ಮತ್ತು ಜೆ ಸಾಲುಗಳಲ್ಲಿ ಇದು ತಿರುವುಮುರುವು. ಮೇಜು ಕಿಟಕಿಯ ಕಡೆ, ನೀವು ದಾರಿಯ ಬದಿಗೆ. ನಾನು ಮೊದಲ ಸಲ ಇದನ್ನು ನೋಡದೆ ಬಿ ಹಿಡಿದೆ, ತಪ್ಪು ನನ್ನದೇ. ಟ್ರಾಲಿ ಹೋದಾಗಲೆಲ್ಲ ಭುಜ ಎಳೆದುಕೊಳ್ಳುತ್ತಾ ಕೂತಿದ್ದೆ, ಎಸ್‌ಟಿ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವನ ಹಾಗೆ. ಮರಳಿ ಬರುವಾಗ ಕೆ ಸಿಕ್ಕಿತು, ಅದೇ ವಿಮಾನ ಬೇರೆಯದೇ ಅನಿಸಿತು. ನಡುವೆ ಇ-ಎಫ್ ಒಂದಕ್ಕೊಂದು ಹತ್ತಿರ, ಡಿ-ಜಿ ದೂರ ದೂರ. ಮಾತಾಡುವ ಜೋಡಿ ಯಾವುದು, ಜಗಳಾಡಿದ ಜೋಡಿ ಯಾವುದು ಅಂತ ಹೇಳಬೇಕಿಲ್ಲ.

ಈ ಜೋಡಣೆಯ ಗುಟ್ಟು ಪಾದದಲ್ಲಿದೆ. ಮಲಗಿದಾಗ ನಿಮ್ಮ ಪಾದ ಮುಂದಿನವರ ಮೇಜಿನ ಕೆಳಗಿನ ಗೂಡಿಗೆ ಹೋಗುತ್ತದೆ. ಅಂಗಾತ ಮಲಗುವವರಿಗೆ ಸಾಕು. ನನ್ನಂತೆ ಮಗ್ಗಲಾಗಿ, ಮೊಣಕಾಲುಗಳ ನಡುವೆ ತಲೆದಿಂಬು ಇಟ್ಟುಕೊಂಡು ಮಲಗಬೇಕಾದವನಿಗೆ ತಿರುಗುವಾಗ ಕಣಕಾಲು ಗೂಡಿನ ಮೇಲ್ಹಲಗೆಗೆ ತಾಗುತ್ತದೆ. ಸ್ಟ್ಯಾಗರ್ಡ್ ಇರುವ ಹಲವು ವಿಮಾನಗಳಲ್ಲಿ ಇದಕ್ಕೊಂದು ಉಪಾಯ ಉಂಟು. ಗೋಡೆಯ ಹಿಂದಿನ ಮೊದಲ ಸಾಲು ಹಿಡಿಯುವುದು. ಮುಂದೆ ಯಾರ ಮೇಜೂ ಇಲ್ಲದ ಕಾರಣ ಅಲ್ಲಿ ಗೂಡು ಅಗಲ ಇರುತ್ತದೆ. ನಾನು ಗೇಣು ಹಾಕಿಯೇ ನೋಡಿದ್ದೇನೆ. ಗಗನಸಖಿ ಏನು ಕಳಕೊಂಡಿರಿ ಅಂತ ಕೇಳಿದಳು. ಆದರೆ ಕೂಸಿನ ತೊಟ್ಟಿಲು ಸಿಕ್ಕಿಸುವ ಕೊಕ್ಕೆಯೂ ಆ ಗೋಡೆಗೇ ಇರುತ್ತದೆ, ಅದರಲ್ಲೂ ನಡುವಿನ ಸೀಟುಗಳ ಮುಂದೆ. ಕೂಸು ಬಂದರೆ ನಿಮ್ಮ ಹಣೆಬರಹ.

ಮೂರನೆಯದು ಓರೆ ಸಾಲು, ಇಂಗ್ಲಿಷಿನ ಹೆಸರು ರಿವರ್ಸ್ ಹೆರಿಂಗ್‌ಬೋನ್. ಮೀನಿನ ಮುಳ್ಳು ನೆನಪು ಮಾಡಿಕೊಳ್ಳಿ. ಹಳೆಯ ಹೆರಿಂಗ್‌ಬೋನಿನಲ್ಲಿ ಕಿಟಕಿಗೆ ಬೆನ್ನು ಹಾಕಿ ದಾರಿಯ ಕಡೆ ಕಾಲು ಚಾಚಬೇಕಿತ್ತು. ಹೋಗಿಬರುವವರೆಲ್ಲ ಕಾಲು ನೋಡಿಕೊಂಡು ಹೋಗುತ್ತಿದ್ದರು. ಅದನ್ನು ತಿರುವಿ ಹಾಕಿ, ಮುಖವನ್ನು ಕಿಟಕಿಯ ಕಡೆಗೆ ಓರೆ ಮಾಡಿದ್ದು ಇದು. ಕ್ಯಾಥೆ ಪೆಸಿಫಿಕ್ 2011ರಲ್ಲಿ ತಂದ ಮೇಲೆ ಹತ್ತಾರು ಕಂಪನಿಗಳು ಇದರ ಹಿಂದೆ ಬಿದ್ದವು.

ನನ್ನ ಓಟು ಇದಕ್ಕೆ. ದಾರಿ ಬೆನ್ನ ಹಿಂದೆ ಉಳಿಯುತ್ತದೆ, ಯಾರು ಹೋದರು ಯಾರು ಬಂದರು ಗೊತ್ತೇ ಆಗುವುದಿಲ್ಲ. ಒಳ್ಳೆಯ ಸೀಟು ಹುಡುಕುವ ತಲೆನೋವೂ ಕಡಿಮೆ, ಯಾಕೆಂದರೆ ಕಿಟಕಿಯ ಬದಿಯವೆಲ್ಲ ಹೆಚ್ಚುಕಡಿಮೆ ಒಂದೇ. ನಾನು ಕೂತ ಸೀಟಿನಲ್ಲಿ ದಾರಿಯ ಕಡೆಯ ತೋಳಿಡುವ ಹಲಗೆಯನ್ನು ಒತ್ತಿದರೆ ಹಾಸಿಗೆಯ ಮಟ್ಟಕ್ಕೆ ಇಳಿಯಿತು, ಭುಜಕ್ಕೆ ನಾಲ್ಕು ಬೆರಳು ಜಾಗ ಹೆಚ್ಚಾಯಿತು. ನಾಲ್ಕು ಬೆರಳು ಅಂದರೆ ನಗಬೇಡಿ, ನಿದ್ದೆ ಇರುವುದು ಅಷ್ಟರಲ್ಲೇ. ಪಾದದ ಕಡೆ ಕಿರಿದಾಗುತ್ತಾ ಹೋಗುವುದು ನಿಜ, ಆದರೆ ಮೊಣಕಾಲಿನ ಹತ್ತಿರ ಮೇಲೆ ಏನೂ ಅಡ್ಡ ಇಲ್ಲ. ಮೊದಲ ಸಲ ಎಡಕ್ಕೆ ತಿರುಗಿದೆ, ಬಡಿಯಲಿಲ್ಲ. ಬಲಕ್ಕೆ ತಿರುಗಿದೆ, ಬಡಿಯಲಿಲ್ಲ. ಆರು ತಾಸು ಎಚ್ಚರವೇ ಇಲ್ಲ. ಕೊರತೆ ಏನೆಂದರೆ ಇದು ಒಂಟಿ ಮನುಷ್ಯನ ಸೀಟು. ನಡುವಿನ ಜೋಡಿ ಹಿಡಿದರೂ ಮಾತಾಡಲು ಇಬ್ಬರೂ ಮುಂದಕ್ಕೆ ಬಗ್ಗಿ ಕತ್ತು ಚಾಚಬೇಕು, ಮತ್ತೆ ನನ್ನ ಬೆನ್ನು.

ನಾಲ್ಕನೆಯದು ಬಾಗಿಲಿರುವುದು. ಕತಾರ್ ಏರ್‌ವೇಸ್ 2017ರಲ್ಲಿ ತಂದ ಕ್ಯೂಸೂಟ್. ದೋಹಾದಿಂದ ಅಮೆರಿಕಕ್ಕೆ ನಮ್ಮಾಕಿಯನ್ನೂ ಕರೆದುಕೊಂಡು ಹೋಗಿದ್ದೆ. ಇಲ್ಲಿ ಒಂದು ಸಾಲು ಮುಂದಕ್ಕೆ, ಒಂದು ಸಾಲು ಹಿಂದಕ್ಕೆ ಮುಖ. ಎ ಮತ್ತು ಕೆ ಹಿಮ್ಮುಖ, ಕಿಟಕಿಯ ಪಕ್ಕ. ಬಿ ಮತ್ತು ಜೆ ಮುಮ್ಮುಖ, ದಾರಿಯ ಬದಿ. ನಡುವಿನ ಇ-ಎಫ್ ಕೂಡ ಹಿಮ್ಮುಖವೇ, ನಡುವಿನ ತಡೆ ಇಳಿಸಿದರೆ ಜೋಡಿ ಹಾಸಿಗೆ. ನಾವು ಅದನ್ನು ಹಿಡಿದಿದ್ದೆವು. ವಿಮಾನ ಓಡಿ ಮೂತಿ ಎತ್ತಿದ ಕೂಡಲೇ ಮೈಯೆಲ್ಲ ಬೆಲ್ಟಿನ ಮೇಲೆ ಜೋತುಬಿತ್ತು. ನಾನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದೆ. ನಮ್ಮಾಕಿ ನಕ್ಕು, "ರೀ, ಚಕ್ಕಡಿ ಹಿಂದ ಕಾಲು ಇಳಿಬಿಟ್ಟು ಕುಂತಂಗ ಆತಲ್ರೀ, ಮೈಲಾರ ಜಾತ್ರಿಗೆ ಹೊಂಟಂಗ" ಅಂದಳು. ಹದಿನೈದು ನಿಮಿಷದಲ್ಲಿ ಅದೂ ಮರೆತುಹೋಯಿತು.

ಹಿಮ್ಮುಖಕ್ಕೆ ಯಾರೂ ಹೇಳದ ಒಂದು ಅನುಕೂಲ ಉಂಟು. ಮೇಲೆ ಒಂದೇ ಎತ್ತರದಲ್ಲಿ ಹಾರುವಾಗಲೂ ವಿಮಾನದ ಮೂತಿ ಸಾಮಾನ್ಯವಾಗಿ ಎರಡು-ಮೂರು ಡಿಗ್ರಿ ಮೇಲಕ್ಕೇ ಇರುತ್ತದೆ. ಮುಮ್ಮುಖ ಮಲಗಿದವರಿಗೆ ಕಾಲು ಮೇಲೆ, ತಲೆ ಒಂದಿಷ್ಟು ಕೆಳಗೆ. ಹಿಮ್ಮುಖ ಮಲಗಿದವರಿಗೆ ತಲೆ ಮೇಲೆ. ಊಟವಾದ ಮೇಲೆ ಎದೆಯುರಿ ಬರುವ ನನಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಬಾಗಿಲಿನ ಬಗ್ಗೆ ಮಾತ್ರ ನನಗೆ ಅಷ್ಟೇನೂ ಹುರುಪಿಲ್ಲ. ಎದೆಮಟ್ಟದ ಬಾಗಿಲು, ನಿಂತವರಿಗೆ ಒಳಗಿನದೆಲ್ಲ ಕಾಣುತ್ತದೆ. ನಮ್ಮಾಕಿ ಮಾತ್ರ ಅದನ್ನು ಎಳೆದುಕೊಂಡು, ಡಬ್ಬಿ ಬಿಚ್ಚಿ, ಅವರು ಕೊಟ್ಟ ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಚ್ಚಿ ತಿಂದಳು. ಬಾಗಿಲ ಬೆಲೆ ಅವಳಿಗೆ ಅಲ್ಲೇ ವಸೂಲಾಯಿತಂತೆ. (ಸಸ್ಯಾಹಾರ ಬೇಕಿದ್ದವರು ಬಿಸಿನೆಸ್ ಕ್ಲಾಸಿನಲ್ಲೂ ಒಂದು ದಿನ ಮೊದಲೇ ಹೇಳಿಡಿ. ಅಲ್ಲಿ ಹೋಗಿ ಕೇಳಿದರೆ ಸಲಾಡೇ ಗತಿ.)

ಸೀಟಿನ ಥರ ಯಾವುದೇ ಇರಲಿ, ಸಾಲು ಕೆಟ್ಟರೆ ಎಲ್ಲ ಕೆಟ್ಟಿತು. ಅಡುಗೆ ಮಾಡುವ ಗ್ಯಾಲಿಯ ಪಕ್ಕದ ಸಾಲಿನಲ್ಲಿ ಒಂದು ರಾತ್ರಿ ಕಳೆದಿದ್ದೇನೆ. ಟ್ರಾಲಿಯ ಚಿಲಕದ ಟಕ್ ಟಕ್, ಪರದೆ ಸರಿದಾಗಲೆಲ್ಲ ಕಣ್ಣಿಗೆ ಬೀಳುವ ಬೆಳಕಿನ ಪಟ್ಟಿ. ಪಾಯಿಖಾನೆಯ ಹತ್ತಿರದ ಸಾಲೂ ಅಷ್ಟೇ. ಬಿಸಿನೆಸ್ ಕ್ಯಾಬಿನ್ನಿನ ನಡುವಿನ ಮೂರು-ನಾಲ್ಕು ಸಾಲು ನೆಮ್ಮದಿಯಾಗಿ ಇರುತ್ತವೆ. ಕುಲುಕಾಟಕ್ಕೆ ಹೆದರುವವರು ರೆಕ್ಕೆಗೆ ಹತ್ತಿರ ಇರಿ, ತಕ್ಕಡಿಯ ನಡುವಿನ ಹಾಗೆ ಅಲ್ಲಿ ಏರಿಳಿತ ಕಡಿಮೆ.

ವಿಮಾನದ ಮಾದರಿಯನ್ನೂ ನೋಡುತ್ತೇನೆ. ಹಳೆಯ ವಿಮಾನಗಳಲ್ಲಿ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಜಾಗದಷ್ಟಕ್ಕೆ ಇಳಿಯಬಹುದು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ನೆತ್ತಿಗಿಂತ ಇನ್ನೂ 500 ಮೀಟರ್ ಮೇಲೆ ರಾತ್ರಿಯಿಡೀ ಮಲಗಿದ ಹಾಗಾಯಿತು. ಬೋಯಿಂಗ್ 787, ಏರ್‌ಬಸ್ ಎ350 ಇವುಗಳಲ್ಲಿ ಅದು 6,000 ಅಡಿಯ ಸುಮಾರು, ಮುಳ್ಳಯ್ಯನಗಿರಿಗಿಂತ ಕೆಳಗೆ. ಇಳಿದ ಮೇಲೆ ತಲೆ ಭಾರ ಆಗುವುದು ನನಗಂತೂ ಇವುಗಳಲ್ಲಿ ಕಡಿಮೆ.

ಟಿಕೆಟ್ ತೆಗೆಯುವಾಗ ಕಂಪನಿ ತೋರಿಸುವ ನಕ್ಷೆಯಲ್ಲಿ ಎಲ್ಲ ಸೀಟೂ ಒಂದೇ ಥರದ ಚೌಕ. ಏರೋಲೋಪಾ ಅಂತ ಒಂದು ತಾಣವಿದೆ, ಅಲ್ಲಿ ಸೀಟು, ಕಿಟಕಿ, ಗ್ಯಾಲಿ ಎಲ್ಲ ಅಳತೆಗೆ ತಕ್ಕಂತೆ ಬರೆದಿದ್ದಾರೆ. ಯಾವ ಸಾಲಿಗೆ ಕಿಟಕಿಯೇ ಇಲ್ಲ ಅನ್ನುವುದೂ ಕಾಣುತ್ತದೆ. ಹೊರಡುವ ಎರಡು ದಿನ ಮೊದಲು ಮತ್ತೆ ತೆರೆದು ನೋಡಬೇಕು. ವಿಮಾನ ಬದಲಾದರೆ ನೀವು ಜೋಪಾನವಾಗಿ ಆರಿಸಿದ ನಂಬರು ಬೇರೆ ಕಡೆಗೆ ಹಾರಿರುತ್ತದೆ. ಒಮ್ಮೆ ನನಗೆ ಓರೆ ಸಾಲು ಹೋಗಿ 2-2-2 ಬಂದಿತ್ತು, ಅದೂ ಕಿಟಕಿ. ಆ ರಾತ್ರಿ ನೀರು ಕುಡಿಯದೆ ಮಲಗಿದೆ.

ಕಾಯಿ ಸೀಸನ್ ಮುಗಿದ ಮೇಲೆ ಮತ್ತೆ ಅಮೆರಿಕಕ್ಕೆ ಹೊರಡುವುದಿದೆ, ಈ ಸಲವೂ ಇಬ್ಬರು. ಓರೆ ಸಾಲಿನ ವಿಮಾನ ಹುಡುಕಿ, ಅದರ ನಡುವಿನ ಸಾಲಿನ ಕೆ ಮೇಲೆ ಬೆರಳು ಇಟ್ಟಿದ್ದೆ. ನಮ್ಮಾಕಿ ಫೋನ್ ಕಸಿದುಕೊಂಡು, "ಇದರಾಗ ಚಕ್ಕಡಿ ಎಲ್ಲೈತ್ರೀ?" ಅಂದಳು. ಇಲ್ಲ ಅಂದೆ. ಸದ್ಯ ದೋಹಾ ಮೇಲಿನ ಟಿಕೆಟ್ಟು, ಇ-ಎಫ್. ಬೆನ್ನಿಗೆ ಇನ್ನೂ ಹೇಳಿಲ್ಲ.